ಪಕ್ಕದ ಟೇಬಲ್ಲಿನ ಆಂಟಿಗೆ

ಕಳೆದ ಶನಿವಾರ ಮಧ್ಯಾಹ್ನ, ಮೆಲ್ಬರ್ನ್‌ನ ಸ್ವಾನ್ಸ್ಟನ್ ಸ್ಟ್ರೀಟ್ ಹತ್ತಿರದ ಪುಟ್ಟ ಮಲೇಷ್ಯನ್ ಹೋಟೆಲಿನಲ್ಲಿ ನಮ್ಮ ಪಕ್ಕ ಕೂತಿದ್ದಿರಲ್ಲ ಆಂಟಿ, ಈ ಬರಹ ನಿಮಗೆ. ಹೆಸರು ಕೇಳೋದೇ ಮರೆತೆ.

ನಾವು ನಾಲ್ಕು ಜನ ಗೆಳತಿಯರು. ಇಬ್ಬರು ಮೀನು, ಮೊಟ್ಟೆ ಯಾವುದೂ ಮುಟ್ಟುವವರಲ್ಲ. ಮೆನುವಿನಲ್ಲಿ ನಾಸಿ ಲೆಮಾಕ್ ನೋಡಿ ಖುಷಿಯಾಯಿತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಹುರಿದ ಕಡಲೆಕಾಯಿ, ಸೌತೆಕಾಯಿ, ಮೆಣಸಿನಕಾಯಿ ಚಟ್ನಿಯಂಥ ಕೆಂಪು ಸಂಬಲ್. ಮೊಟ್ಟೆ ಬೇಡ ಅಂದರೆ ಸಾಕು ಅಂದುಕೊಂಡೆವು. ಆಗ ನೀವು ಮೆಲ್ಲಗೆ ತಿರುಗಿ, ಸಂಬಲ್‌ಗೆ ಬೆಲಾಚಾನ್ ಹಾಕುತ್ತಾರೆ, ಅದು ಸಿಗಡಿ ಹುದುಗಿಸಿ ಮಾಡಿದ್ದು ಎಂದಿರಿ. ಅನ್ನದ ಪಕ್ಕ ಇಡುವ ಕುರುಕಲು ಕೂಡ ಪುಟ್ಟ ಒಣಮೀನಂತೆ!

ನಿಮ್ಮ ಊಟ ಆರುತ್ತಿತ್ತು. ಆದರೂ ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ಮಲಯ್ ಭಾಷೆಯಲ್ಲಿ ವಿಚಾರಿಸಿದಿರಿ. "ರೋಟಿ ಚನಾಯ್ ತಗೊಳ್ಳಿ. ಹಿಟ್ಟಿಗೆ ಮೊಟ್ಟೆ ಹಾಕಿಲ್ಲ, ದಾಲ್‌ನಲ್ಲಿ ಬರೀ ಬೇಳೆ, ತರಕಾರಿ."

ಆ ರೋಟಿ ನಮ್ಮ ಪರೋಟದ ಹಾಗೇ ಪದರ ಪದರ. ದಕ್ಷಿಣ ಭಾರತದಿಂದ ಹೋದವರೇ ಅದನ್ನು ಮಲೇಷ್ಯಾಕ್ಕೆ ಒಯ್ದದ್ದು ಅಂತ ನೀವೇ ಹೇಳಿದಿರಿ. ಜೊತೆಗೆ ತೆಹ್ ತಾರಿಕ್. ಎತ್ತರದಿಂದ ಸುರಿದು ಸುರಿದು ನೊರೆ ಬರಿಸಿದ ಆ ಟೀ ನೋಡಿ ಊರಿನ ಹೋಟೆಲೇ ಕಣ್ಣಮುಂದೆ ಬಂತು.

ಇಲ್ಲಿಗೆ ಬಂದು ಎಂಟು ತಿಂಗಳು. ಹೊರಗೆ ಏನು ತಿಂದರೂ ಒಳಗೊಂದು ಅಳುಕು. ಅವತ್ತು ಅದು ಇರಲೇ ಇಲ್ಲ. ನಾನಂತೂ ಮೂರು ರೋಟಿ ತಿಂದೆ. ಥ್ಯಾಂಕ್ಸ್ ಹೇಳೋಣ ಅಂತ ತಿರುಗಿದರೆ ನೀವು ಹೊರಟುಹೋಗಿದ್ದಿರಿ.

ಅದಕ್ಕೇ ಈಗ ಮಲಯ್ ಭಾಷೆಯಲ್ಲೇ ಥ್ಯಾಂಕ್ಸ್: ತೆರಿಮಾ ಕಾಸಿಹ್, ಆಂಟಿ.