ಪತ್ರಾ ಹಾರಿದ ಮೇಲೆ ಬೇಡ, ಮೊದಲೇ ಕೊಡಿ

ಮಾನ್ಯ ಸಂಪಾದಕರೇ,

ಏಪ್ರಿಲ್, ಮೇ ಬಂತೆಂದರೆ ನಿಮ್ಮ ಜಿಲ್ಲಾ ಪುಟದಲ್ಲಿ ಪ್ರತಿ ವರ್ಷ ಒಂದೇ ಥರದ ಸುದ್ದಿ. ಬಿರುಗಾಳಿಗೆ ಇಂಥ ಊರಲ್ಲಿ ಮನೆಗಳ ಪತ್ರಾ, ಅಂದರೆ ಚಾವಣಿಯ ತಗಡು, ಹಾರಿದವು, ಕರೆಂಟ್ ಕಂಬ ಉರುಳಿದವು, ಅಧಿಕಾರಿಗಳು ಬಂದು ನೋಡಿ ಹೋದರು. ಮರುದಿನ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಟ್ರ್ಯಾಕ್ಟರ್‌ಗಳು ನಿಲ್ಲುತ್ತವೆ. ನಾನು ಸೇಡಂನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಪತ್ರಾ, ಪೈಪು, ಸಿಮೆಂಟು, ಸ್ಟೀಲ್ ಮಾರುತ್ತೇನೆ. ಗಾಳಿ ಬೀಸಿದಷ್ಟೂ ನನಗೆ ವ್ಯಾಪಾರ. ಈ ಪತ್ರ ಓದಿ ಪಕ್ಕದ ಅಂಗಡಿಯವರು ನಗಬಹುದು. ನಗಲಿ.

ನಾನು ಕೇಳುವುದು ಇಷ್ಟೇ. ಪತ್ರಾ ಮನೆಗೆ ಒಂದೇ ಒಂದು ಕಾಂಕ್ರೀಟ್ ಸ್ಲ್ಯಾಬಿನ ಕೋಣೆ ಸೇರಿಸಿಕೊಳ್ಳಲು ಸರ್ಕಾರ ಗಾಳಿಗೆ ಮುಂಚೆಯೇ ದುಡ್ಡು ಕೊಡಬೇಕು.

ಪತ್ರಾ ಹೇಗೆ ಹಾರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಗಾಳಿ ಮೇಲಿಂದ ಒತ್ತುತ್ತದೆ ಅಂತ ಜನ ತಿಳಿದಿದ್ದಾರೆ, ಅದಕ್ಕೇ ಪತ್ರಾ ಮೇಲೆ ಕಲ್ಲು ಹೇರುತ್ತಾರೆ. ಗಾಳಿ ಮಾಡುವುದು ಉಲ್ಟಾ ಕೆಲಸ. ಪತ್ರಾ ಮೇಲೆ ಜೋರಾಗಿ ಹಾಯುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಎದುರು ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿ ಕೆಳಗಿನಿಂದಲೂ ಎತ್ತುತ್ತದೆ. ಅಂಚು ಮತ್ತು ಮೂಲೆಯಲ್ಲಿ ಈ ಎಳೆತ ಎಲ್ಲಕ್ಕಿಂತ ಜಾಸ್ತಿ. ಅಲ್ಲೇ ನಮ್ಮವರು ಸ್ಕ್ರೂ ಉಳಿಸುವುದು! ಎಂಟು ಸ್ಕ್ರೂ ಬೇಕಾದ ಕಡೆ ನಾಲ್ಕು ಹೊಡೆದು, ಮೇಲೆ ನಾಲ್ಕು ಶಹಾಬಾದ್ ಪರಸಿ ಕಲ್ಲು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಮೂಲೆಯ ಒಂದು ಸ್ಕ್ರೂ ಕಿತ್ತರೆ ಸಾಕು, ಸಾಲಾಗಿ ಎಲ್ಲ ಬಿಡುತ್ತಾ ಹೋಗುತ್ತವೆ. ಆಮೇಲೆ ಆ ಪರಸಿ ಬೀಳುವುದು ಒಳಗಿದ್ದವರ ಮೇಲೆ. ಅಡ್ಡಮಳೆ ದಿನ ಪೆಟ್ಟು ತಿಂದವರನ್ನು ಕೇಳಿ ನೋಡಿ, ಗಾಳಿಗಿಂತ ಕಲ್ಲಿನ ಪೆಟ್ಟಿನ ಮಾತೇ ಹೆಚ್ಚು ಬರುತ್ತದೆ.

ಅಮೆರಿಕದ ಒಕ್ಲಹೋಮಾ, ಟೆಕ್ಸಸ್ ಕಡೆ ಸುಂಟರಗಾಳಿಯ ಕಾಟ. ಅಲ್ಲಿಯ ಮನೆಗಳು ಹೆಚ್ಚಾಗಿ ಕಟ್ಟಿಗೆಯವು. ಇಡೀ ಮನೆ ಗಟ್ಟಿ ಮಾಡಲು ದುಡ್ಡು ಸಾಲದು ಅಂತ ಅಲ್ಲಿನ ಜನ ಮನೆಯೊಳಗೆ ಅಥವಾ ಅಂಗಳದಲ್ಲಿ ಒಂದು ಸಣ್ಣ ಆಸರೆ ಕೋಣೆ ಮಾಡಿಕೊಳ್ಳುತ್ತಾರೆ. ಕೆಲವರದು ಕಾಂಕ್ರೀಟಿನದು, ಕೆಲವರದು ಉಕ್ಕಿನದು, ಕೆಲವರದು ನೆಲದೊಳಗೆ. ಖರ್ಚು ಹಲವು ಸಾವಿರ ಡಾಲರ್. ಅಲ್ಲಿಯ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಅಳತೆ ಪ್ರಕಾರ ಆ ಕೋಣೆ ಗಂಟೆಗೆ 400 ಕಿಲೋಮೀಟರ್ ವೇಗದ ಗಾಳಿ ತಡೆಯಬೇಕು. ಸುಮಾರು 7 ಕೆಜಿ ತೂಕದ ಮರದ ತುಂಡನ್ನು 160 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಹೊಡೆದು ಪರೀಕ್ಷೆ ಮಾಡುತ್ತಾರೆ. ಒಕ್ಲಹೋಮಾದಲ್ಲಿ ಲಾಟರಿ ಎತ್ತಿ, ಹೆಸರು ಬಂದವರಿಗೆ ಖರ್ಚಿನ ಮುಕ್ಕಾಲು ಪಾಲಿನವರೆಗೆ, ಒಂದು ಮಿತಿಯೊಳಗೆ, ವಾಪಸ್ ಕೊಡುವ ಯೋಜನೆಯೂ ಇದೆ. ನನಗೆ ಹಿಡಿಸಿದ್ದು ಈ ಕೊನೆಯ ಮಾತು. ದುಡ್ಡು ಬರುವುದು ಕೋಣೆ ಕಟ್ಟಿದ್ದಕ್ಕೆ, ಮನೆ ಬಿದ್ದದ್ದಕ್ಕಲ್ಲ.

ನಮಗೆ 400 ಕಿಲೋಮೀಟರಿನ ಕೋಣೆ ಬೇಕಿಲ್ಲ. ಗಾಳಿಯ ಲೆಕ್ಕಕ್ಕೆ ನಮ್ಮ ದೇಶದ ಐಎಸ್ 875 ಅನ್ನುವ ನಿಯಮ ಇದೆ. ಅದು ದೇಶವನ್ನು ಆರು ವಲಯ ಮಾಡಿದೆ. ಅತಿ ಕಡಿಮೆ ಗಾಳಿಯ ವಲಯಕ್ಕೂ ಸೆಕೆಂಡಿಗೆ 33 ಮೀಟರ್ ಹಿಡಿಯಬೇಕು, ಅಂದರೆ ಗಂಟೆಗೆ ಹೆಚ್ಚುಕಡಿಮೆ 119 ಕಿಲೋಮೀಟರ್. ನೆಟ್ಟಗೆ ಕಟ್ಟಿದ ಸಾದಾ ಆರ್‌ಸಿಸಿ ಕೋಣೆ ಇದಕ್ಕೆ ಜಗ್ಗುವುದಿಲ್ಲ. ನಾಲ್ಕು ಸ್ಕ್ರೂ, ನಾಲ್ಕು ಕಲ್ಲಿನ ಪತ್ರಾ ಖಂಡಿತ ಜಗ್ಗುತ್ತದೆ.

ಈಗ ಖರ್ಚಿನ ಮಾತು. ಹತ್ತು ಬೈ ಹತ್ತರ ಕೋಣೆಗೆ ನಮ್ಮ ಗೌಂಡಿ ಲೆಕ್ಕ ಹಾಕಿಕೊಟ್ಟಿದ್ದಾನೆ. ನಾಲ್ಕು ಕಾಲಮ್, ಕೆಳಗೆ ಪ್ಲಿಂತ್ ಬೀಮ್, ಬಾಗಿಲ ಮೇಲೆ ಸುತ್ತಲೂ ಲಿಂಟಲ್, ಐದು ಇಂಚಿನ ಸ್ಲ್ಯಾಬ್. ಸ್ಟೀಲ್ ಮೂರೂವರೆ ಕ್ವಿಂಟಲ್ ಹತ್ತಿರ, ಸಿಮೆಂಟ್ ಐವತ್ತು ಚೀಲದ ಮೇಲೆ. ಖಡಿ, ಮರಳು, ಗೋಡೆಯ ಕಲ್ಲು, ಕಬ್ಬಿಣದ ಬಾಗಿಲು, ಸೆಂಟ್ರಿಂಗ್, ಕೂಲಿ ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು. ಕೂಲಿ ಮಾಡುವವರ ಕೈಗೆ ಇದು ಎಟುಕದ ಮಾತು. ವಾಡಿ, ಶಹಾಬಾದ್, ಸೇಡಂ ಸುತ್ತಮುತ್ತ ನೆಲ ಅಗೆದು ಊರೂರಿಗೆ ಸಿಮೆಂಟ್ ಕಳಿಸುವ ಜಿಲ್ಲೆ ನಮ್ಮದು. ಅದರ ಧೂಳು ಮಾತ್ರ ನಮಗೆ ಪುಕ್ಕಟೆ, ಚೀಲಕ್ಕೆ ಎಲ್ಲರಂತೆ ರೊಕ್ಕ ಎಣಿಸಬೇಕು.

ಆದರೆ ಹತ್ತು ಬೈ ಹತ್ತೇ ಯಾಕೆ ಬೇಕು? ಫೀಮಾ ಲೆಕ್ಕದಲ್ಲಿ ಮನೆಯ ಆಸರೆ ಕೋಣೆಗೆ ಒಬ್ಬರಿಗೆ 3 ಚದರ ಅಡಿ ಸಾಕು. ಅರ್ಧ ಗಂಟೆ ನಿಂತು ಬರುವ ಜಾಗ ಅದು. ಎಂಟು ಬೈ ಎಂಟು ಮಾಡಿದರೆ ನಮ್ಮ ತುಂಬಿದ ಮನೆಗೂ ಧಾರಾಳ. ಉಳಿದ ದಿನ ಜೋಳದ ಚೀಲ, ಟ್ರಂಕು, ಮಕ್ಕಳ ಪುಸ್ತಕ, ಮನೆಯ ಕಾಗದಪತ್ರ ಅಲ್ಲೇ ಒಣಗಿರುತ್ತವೆ. ಇದಕ್ಕೆ ಒಂದೂಕಾಲು ಲಕ್ಷದ ಸುತ್ತಮುತ್ತ ಆಗುತ್ತದೆ.

ಈ ಮೊತ್ತ ಎಲ್ಲೋ ಕೇಳಿದಂತಿದೆ ಅಲ್ವಾ? 2022ರಿಂದ 2026ರವರೆಗಿನ ವಿಪತ್ತು ಪರಿಹಾರದ ಕೇಂದ್ರ ನಿಯಮದಲ್ಲಿ ಬಯಲು ಸೀಮೆಯ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಹೊಸ ಮನೆಗೂ ಬಯಲು ಸೀಮೆಗೆ 1.20 ಲಕ್ಷವೇ. ಇನ್ನು ಭಾಗಶಃ ಹಾನಿಗೆ, ಅದೂ ಕನಿಷ್ಠ ಶೇ 15ರಷ್ಟು ಆಗಿದ್ದರೆ, ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಪಾಲು ಸೇರಿಸಿ ಜಾಸ್ತಿ ಕೊಟ್ಟದ್ದೂ ಉಂಟು. ಪತ್ರಾ ಹಾರಿದ ಮನೆ ಬಹುತೇಕ ಈ ಭಾಗಶಃ ಲೆಕ್ಕಕ್ಕೇ ಬೀಳುತ್ತದೆ. ಆ ನಾಲ್ಕೋ ಆರೋ ಸಾವಿರ ಹಿಡಿದು ಜನ ನನ್ನ ಅಂಗಡಿಗೆ ಬರುತ್ತಾರೆ. ಅಷ್ಟಕ್ಕೆ ಬರುವುದು ತೆಳ್ಳನೆ ಪತ್ರಾ, ಅದೂ ಅರ್ಧ ಮನೆಗೆ. ಉಳಿದರ್ಧಕ್ಕೆ ಸೊಟ್ಟಗಾದ ಹಳೆಯ ಪತ್ರಾವನ್ನೇ ಬಡಿದು ನೆಟ್ಟಗೆ ಮಾಡಿ, ಹಳೆಯ ತೂತಿಗೇ ಸ್ಕ್ರೂ ತಿರುಗಿಸುತ್ತಾರೆ. ಮುಂದಿನ ಭರಣಿ ಮಳೆಗೆ ಅದೇ ಗಿರಾಕಿ, ಅದೇ ಟ್ರ್ಯಾಕ್ಟರ್. ನನಗೇನು ನಷ್ಟ ಇಲ್ಲ.

ಸ್ಲ್ಯಾಬ್ ಅಂದರೆ ನಮ್ಮ ಹಿರಿಯರು ಬೆಚ್ಚುತ್ತಾರೆ, ಅದಕ್ಕೂ ಕಾರಣ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಮಣ್ಣು, ಕಲ್ಲಿನ ದಪ್ಪ ಗೋಡೆ ಮತ್ತು ಭಾರದ ಮಾಳಿಗೆ, ಅಂದರೆ ಮಣ್ಣು ಹೇರಿದ ಚಾವಣಿ, ಮೈಮೇಲೆ ಬಿದ್ದು. ನಮ್ಮ ಆಳಂದ, ಬೀದರ್ ಕಡೆ ಆ ಭಯ ಇನ್ನೂ ಹೋಗಿಲ್ಲ. 2021ರಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ನಡುಗಿದಾಗ ಜನ ಹೊರಗೇ ಮಲಗಿದರು. ಮಾಳಿಗೆ ಮನೆ ಗಾಳಿಗೆ ಅಲುಗದು, ನೆಲ ನಡುಗಿದರೆ ಅಪಾಯ. ಪತ್ರಾ ಮನೆ ನೆಲ ನಡುಗಿದರೆ ವಾಸಿ, ಗಾಳಿಗೆ ನಿಲ್ಲದು. ಎರಡಕ್ಕೂ ಆಗಿಬರುವುದು ಕಾಲಮ್, ಬೀಮ್, ಲಿಂಟಲ್ ಒಂದಕ್ಕೊಂದು ಕಟ್ಟಿಕೊಂಡ ಸಣ್ಣ ಕೋಣೆ. ಕಾಲಮ್ ಇಲ್ಲದೆ ಹಳೇ ಮಣ್ಣಿನ ಗೋಡೆ ಮೇಲೆ ಸ್ಲ್ಯಾಬ್ ಹಾಕಿಸಿ ಖರ್ಚು ಉಳಿಸಿದೆ ಅನ್ನುವವರಿದ್ದಾರೆ. ಅಂಥವರಿಗೆ ಸ್ಟೀಲ್ ಕೊಡುವಾಗಲೂ ಬೇಡಪ್ಪಾ ಅನ್ನುತ್ತೇನೆ.

ಅಮೆರಿಕದವರಂತೆ ನೆಲದೊಳಗೆ ತೋಡಿದರೆ ಅಗ್ಗ ಆಗಲ್ವಾ ಅಂತ ಒಬ್ಬ ಹುಡುಗ ಕೇಳಿದ. ಹಗೇವು ತೋಡಿ ಜೋಳ ಇಟ್ಟ ನಾಡು ನಮ್ಮದು, ಪ್ರಶ್ನೆ ತಪ್ಪಲ್ಲ. ಆದರೆ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ತೆಳ್ಳನೆ ಗೋಡೆಯನ್ನು ಒತ್ತಿ ಸೀಳುತ್ತದೆ. ಮೊದಲ ಮಳೆಗೇ ನೀರೂ ಇಳಿಯುತ್ತದೆ. ಬೀದರಿನ ಕೆಂಪು ಕಲ್ಲಿನ ನೆಲದಲ್ಲಿ ಆದೀತು, ಇಲ್ಲಿ ಬೇಡ.

ಊರಿಗೊಂದು ಸಮುದಾಯ ಭವನ ಇದೆಯಲ್ಲ ಅನ್ನುವವರೂ ಇದ್ದಾರೆ. ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕುವಷ್ಟರಲ್ಲಿ ಗಾಳಿ ಬಂದು ಹೋಗಿರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಪ್ಪಾದರೆ ಕೈಯಲ್ಲಿರುವುದು ಹತ್ತು ಹದಿನೈದು ನಿಮಿಷ. ಮುದುಕರು, ಬಾಣಂತಿಯರು ಊರ ಮುಂದಿನ ಭವನಕ್ಕೆ ಓಡಲಾರರು. ಬೇವಿನ ಮರದ ಕೆಳಗೆ ಓಡಿದರೆ ಸಿಡಿಲಿನ ಭಯ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ, ಸಿಡಿಲು ಆ್ಯಪ್‌ಗಳು ಮೊಬೈಲಿನಲ್ಲಿವೆ, ಒಳ್ಳೆಯದೇ. ಆದರೆ ಒಳಗೆ ಹೋಗಿ ಅಂತ ಆ್ಯಪ್ ಹೇಳಿದರೆ ಹೋಗಲು ಗಟ್ಟಿ ಒಳಗು ಬೇಕಲ್ಲ.

ಸ್ಲ್ಯಾಬ್ ಕೋಣೆ ಬೇಸಿಗೆಗೆ ಕೆಂಡ ಆಗುತ್ತದೆ, ನಿಜ. ಮೇಲೆ ಸುಣ್ಣ ಬಳಿಸಿದರೆ ಸ್ವಲ್ಪ ತಡೆಯುತ್ತದೆ. ರಾತ್ರಿ ಮಲಗುವುದು ಹೇಗೂ ಅಂಗಳದಲ್ಲೇ.

ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ಎರಡು. ಪತ್ರಾ ಮನೆಯವರಿಗೆ ಎಂಟು ಬೈ ಎಂಟರ ಕೋಣೆಯ ಒಂದು ನಕ್ಷೆ ಕೊಟ್ಟು, ಖರ್ಚಿನ ಅರ್ಧವನ್ನಾದರೂ ಸಹಾಯಧನವಾಗಿ ಕೊಡಿ. ಪ್ಲಿಂತ್ ಆದ ಮೇಲೆ ಒಂದು ಕಂತು, ಸ್ಲ್ಯಾಬ್ ಹಾಕಿದ ಮೇಲೆ ಇನ್ನೊಂದು. ಎಲ್ಲರಿಗೂ ಒಂದೇ ವರ್ಷ ಆಗದಿದ್ದರೆ ಲಾಟರಿ ಎತ್ತಿ. ಅಲ್ಲಿವರೆಗೆ ಪತ್ರಾ ಪರಿಹಾರದ ಜೊತೆ ಅಂಚಿಗೆ ಹೊಡೆಯುವ ಸ್ಕ್ರೂ, ವಾಷರ್, ಪತ್ರಾ ಕೆಳಗಿನ ಪೈಪನ್ನು ಗೋಡೆಗೆ ಬಿಗಿಯುವ ಕ್ಲ್ಯಾಂಪ್ ಕೂಡ ಕೊಡಿ. ಇದು ಮನೆಗೆ ಎರಡು ಮೂರು ಸಾವಿರದ ಮಾತು. ಒಂದೇ ಮನೆಗೆ ಎಷ್ಟು ಸಲ ಪತ್ರಾ ಮಾರಿದ್ದೇನೆ ಅಂತ ಅಧಿಕಾರಿಗಳಿಗೆ ನೋಡಬೇಕಿದ್ದರೆ ಬರಲಿ, ನನ್ನ ಬಿಲ್ ಪುಸ್ತಕಗಳನ್ನು ತೆಗೆದು ಮುಂದಿಡುತ್ತೇನೆ.

ಇಂತಿ,
ಹಾರ್ಡ್‌ವೇರ್ ವ್ಯಾಪಾರಿ, ಸೇಡಂ, ಕಲಬುರಗಿ ಜಿಲ್ಲೆ