ಲೂಪಿನಲ್ಲಿ ‘ಲೆಟ್’ ಬರೆದರೆ ಅಂಕ ಕಡಿತವೇಕೆ?

ಮಾನ್ಯ ಸಂಪಾದಕರೇ,

ಪದವಿ ತರಗತಿಯ ಜಾವಾಸ್ಕ್ರಿಪ್ಟ್ (ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ) ಪ್ರಾಯೋಗಿಕ ಪರೀಕ್ಷೆಯಲ್ಲಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪಿನ ಎಣಿಕೆಗೆ ‘ಲೆಟ್’ ಬಳಸಿದ ನನ್ನ ಅಣ್ಣನ ಮಗಳಿಗೆ, ಕೈಪಿಡಿಯಲ್ಲಿರುವುದು ‘ವಾರ್’ ಎಂಬ ಒಂದೇ ಕಾರಣಕ್ಕೆ ಎರಡು ಅಂಕ ಕಡಿತವಾಗಿದೆ. ಬ್ರೆಂಡನ್ ಐಕ್ ಅವರು 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ಈ ಭಾಷೆಯನ್ನು ರೂಪಿಸಿದಂದಿನಿಂದ, ವೇರಿಯಬಲ್ ಅಂದರೆ ಮೌಲ್ಯವೊಂದನ್ನು ಇಟ್ಟುಕೊಳ್ಳುವ ಹೆಸರನ್ನು ಘೋಷಿಸುವ ‘ವಾರ್’ ಪದ ಇದೆ. ಅದೇ ಕೆಲಸದ ‘ಲೆಟ್’ ಮತ್ತು ‘ಕಾನ್ಸ್ಟ್’ 2015ರಲ್ಲಿ ಭಾಷೆಯ ಅಧಿಕೃತ ಮಾನಕಕ್ಕೆ ಸೇರಿದವು. ಕೈಪಿಡಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಇದೇ ಹುಡುಗಿ ಮನೆಯ ಅಡಿಕೆ ಲೆಕ್ಕಕ್ಕೆಂದು ಪುಟವೊಂದನ್ನು ಮಾಡಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಾಲ್ಕು ಬಗೆಗೆ ಲೂಪಿನಿಂದ ನಾಲ್ಕು ಬಟನ್ ಇರಿಸಿದ್ದಳು. ಕೈಪಿಡಿಯಂತೆ ‘ವಾರ್’ ಬರೆದಾಗ ಯಾವ ಬಟನ್ ಒತ್ತಿದರೂ ಪರದೆಯ ಮೇಲೆ ಮೂಡುತ್ತಿದ್ದುದು ‘ಅನ್‌ಡಿಫೈನ್ಡ್’, ಅಂದರೆ ಮೌಲ್ಯವೇ ಇಲ್ಲ ಎಂಬ ಉತ್ತರ. ‘ವಾರ್’ನಿಂದ ಘೋಷಿಸಿದ ವೇರಿಯಬಲ್ ಇಡೀ ಫಂಕ್ಷನ್ನಿಗೆ (ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡಿಗೆ) ಒಂದೇ ಆಗಿರುವುದರಿಂದ, ಸೊನ್ನೆಯಿಂದ ಮೂರರವರೆಗೆ ಸುತ್ತಿದ ಲೂಪ್ ನಿಲ್ಲುವಾಗ ಅದರಲ್ಲಿ 4 ಉಳಿದಿರುತ್ತದೆ, ನಾವು ಬಟನ್ ಒತ್ತುವುದು ಆಮೇಲೆ, ಸ್ಥಾನಗಳನ್ನು ಸೊನ್ನೆಯಿಂದ ಎಣಿಸುವ ಪಟ್ಟಿಯಲ್ಲಿ ಆ ಸ್ಥಾನದಲ್ಲಿ ಏನೂ ಇರುವುದಿಲ್ಲ. ಮಂಡಿಯಲ್ಲಿ ಎಲ್ಲ ಚೀಲಗಳ ತೂಕವನ್ನೂ ಒಂದೇ ಹಲಗೆಯ ಮೇಲೆ ಒರೆಸಿ ಒರೆಸಿ ಬರೆದರೆ ಹೇಗೋ ಹಾಗೆ. ‘ಲೆಟ್’ ಬರೆದರೆ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಹುಟ್ಟುತ್ತದೆ, ಚೀಲಕ್ಕೊಂದು ಚೀಟಿ ಕಟ್ಟಿದಂತೆ. ಆ ಒಂದು ಪದ ಬದಲಾದೊಡನೆ ನಾಲ್ಕೂ ಬಟನ್‌ಗಳು ಸರಿಯಾದವು.

ಒಮ್ಮೆ ಕೊಟ್ಟ ಮೌಲ್ಯವನ್ನು ಬದಲಿಸಗೊಡದ ‘ಕಾನ್ಸ್ಟ್’ ಎಣಿಕೆ ಏರಿಸುವ ಲೂಪಿಗೆ ಒಗ್ಗದು. ಮೊದಲ ಸುತ್ತು ಮುಗಿದು ಎಣಿಕೆ ಹೆಚ್ಚಿಸಹೊರಟಾಗ ದೋಷ ತೋರಿ ನಿಲ್ಲುತ್ತದೆ. ಪಟ್ಟಿಯ ಒಂದೊಂದೇ ಅಂಶವನ್ನು ಎತ್ತಿಕೊಡುವ ‘ಫಾರ್ ಆಫ್’ ಲೂಪಿನಲ್ಲಾದರೆ ಅದೇ ಮೇಲು, ಏಕೆಂದರೆ ಅಲ್ಲಿ ಪ್ರತಿ ಸುತ್ತಿನ ಹೆಸರೂ ಹೊಸದು.

ಬರೀ ಮೊತ್ತ ಕೂಡಿಸುವ ಲೂಪಿನಲ್ಲಿ ‘ವಾರ್’, ‘ಲೆಟ್’ ಎರಡೂ ಒಂದೇ ಉತ್ತರ ಕೊಡುತ್ತವೆ ಎಂಬುದು ನಿಜ, ಪರೀಕ್ಷೆಯ ಪ್ರಶ್ನೆಯೂ ಅಂಥದ್ದೇ ಆಗಿತ್ತು. ಹಾಗಿದ್ದ ಮೇಲೆ ಅಂಕ ಕಳೆದದ್ದು ಯಾವ ತಪ್ಪಿಗೆ? ಹಳೆಯ ಕೋಡ್ ಓದಲು ‘ವಾರ್’ ತಿಳಿದಿರಲೇಬೇಕು, ಅದನ್ನು ಕಲಿಸಲಿ. ಆದರೆ ಮುಂದಿನ ಮುದ್ರಣದಲ್ಲಿ ಲೂಪಿನ ಅಧ್ಯಾಯವನ್ನು ‘ಲೆಟ್’ನಿಂದ ಆರಂಭಿಸಬೇಕೆಂದೂ, ಅಲ್ಲಿಯವರೆಗೆ ಮೌಲ್ಯಮಾಪಕರು ಎರಡನ್ನೂ ಸರಿಯೆಂದು ಒಪ್ಪಬೇಕೆಂದೂ ಪಠ್ಯಕ್ರಮ ನಿರ್ಧರಿಸುವವರಲ್ಲಿ ವಿನಂತಿಸುತ್ತೇನೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ