ನಮ್ಮ ಮಿಡಿಯ ಕ್ಲಿಕ್ಕು ನಿಮ್ಮ ಲೇಖನದ ಲೆಕ್ಕಕ್ಕೆ ಯಾಕೆ?

ವಿಷಯ: ತಿಂಗಳ ವರದಿಯಲ್ಲಿ ಸರ್ಚ್ ಟ್ರಾಫಿಕ್ ಮತ್ತು ಶಾಪಿಂಗ್ ಪಟ್ಟಿಯ ಟ್ರಾಫಿಕ್ ಒಂದೇ ಸಾಲಿಗೆ ಸೇರಿಸಿದ್ದು

ನಮಸ್ಕಾರ ಸರ್,

ಫೋನಲ್ಲಿ ಎರಡು ಸಲ ಹೇಳಿ ಆಯಿತು. "ನೋಡ್ತೇವೆ" ಅಂದಿರಿ, ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯ ಸಣ್ಣ ಅಂಗಡಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಗೂಗಲ್‌ನಲ್ಲಿ ಹುಡುಕಿದರೆ ನಾವು ಮೇಲೆ ಬರುವ ಹಾಗೆ ಮಾಡುತ್ತೇವೆ ಅಂತ ನೀವು ತಿಂಗಳಿಗೆ 8,000 ರೂಪಾಯಿ ತೆಗೆದುಕೊಳ್ಳುತ್ತೀರಿ. ಏಪ್ರಿಲ್‌ನಿಂದ ಜುಲೈವರೆಗೆ ನಿಮ್ಮ ವರದಿಯಲ್ಲಿ 'ಆರ್ಗ್ಯಾನಿಕ್ ಸರ್ಚ್', ಅಂದರೆ ಜಾಹೀರಾತಿಲ್ಲದೆ ಹುಡುಕಾಟದಿಂದಲೇ ಬಂದವರ ಗೆರೆ ಏರುತ್ತಲೇ ಹೋಯಿತು. ಎಲ್ಲ ನಮ್ಮ ಲೇಖನದ ಫಲ ಅಂದಿರಿ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಗಸ್ಟ್‌ನಲ್ಲಿ ಗೆರೆ ದಡಕ್ಕನೆ ಬಿತ್ತು. ಗೂಗಲ್ ಅಲ್ಗಾರಿದಮ್ ಬದಲಾಗಿದೆ, ಇನ್ನೂ 10 ಲೇಖನ ಬೇಕು ಅಂತ ಮೇಲಿಂದ 6,000 ತೆಗೆದುಕೊಂಡಿರಿ. ಅದರಲ್ಲೊಂದು ಲೇಖನ ಅಪ್ಪೆಮಿಡಿಗೆ ಸಾಸಿವೆ ಎಣ್ಣೆ ಸುರಿಯಿರಿ ಅನ್ನುತ್ತದೆ! ನಮ್ಮ ಮನೆಯಲ್ಲಿ ಮಿಡಿಗೆ ಉಪ್ಪು, ಮೆಣಸು, ಸಾಸಿವೆ ಪುಡಿ, ಅಷ್ಟೇ. ಅಮ್ಮ ಓದಿ ಎರಡು ದಿನ ನಕ್ಕರು. ಇರಲಿ, ಅದು ಬೇರೆ ದೂರು.

ನಿಜ ಗೊತ್ತಾಗಿದ್ದು ದೀಪಾವಳಿಗೆ ಬಂದ ಅಕ್ಕನ ಮಗಳಿಂದ. ಅವಳು ಗೂಗಲ್ ಅನಲಿಟಿಕ್ಸ್‌ನಲ್ಲಿ ಸೈಟಿಗೆ ಯಾರು ಎಲ್ಲಿಂದ ಬಂದರು ಅಂತ ತೋರಿಸುವ ಟ್ರಾಫಿಕ್ ಅಕ್ವಿಸಿಷನ್ ವರದಿ ತೆರೆದು, ಪಕ್ಕಕ್ಕೆ ಸೆಷನ್ ಕ್ಯಾಂಪೇನ್ (ಯಾವ ಹೆಸರಿನ ಲಿಂಕಿನಿಂದ ಬಂದರು) ಅನ್ನುವ ಇನ್ನೊಂದು ಕಾಲಂ ಸೇರಿಸಿದಳು. ನೀವು 'ಆರ್ಗ್ಯಾನಿಕ್ ಸರ್ಚ್' ಅಂತ ತೋರಿಸಿದವರಲ್ಲಿ ಮುಕ್ಕಾಲು ಪಾಲು ಜನ 'ಫೀಡ್' ಅನ್ನುವ ಕ್ಯಾಂಪೇನ್‌ನವರು. ಅಂದರೆ ಗೂಗಲ್ ಶಾಪಿಂಗ್‌ನ ಪುಕ್ಕಟೆ ಪಟ್ಟಿಯಲ್ಲಿ ನಮ್ಮ ಬಾಟಲಿ ನೋಡಿ ಬಂದವರು. ಆ ಫೋಟೋ ತೆಗೆದು, ಬೆಲೆ ತೂಕ ಬರೆದು, ರಾತ್ರಿ ಕೂತು ಗೂಗಲ್‌ಗೆ ಸಾಮಾನಿನ ಪಟ್ಟಿ ಕೊಡುವ ಮರ್ಚಂಟ್ ಸೆಂಟರ್‌ಗೆ ಹಾಕಿದ್ದು ನಾನು ಮತ್ತು ನನ್ನ ಹೆಂಡತಿ. ಲಿಂಕಿಗೆ ಯುಟಿಎಂ ಬಾಲ, ಅಂದರೆ ಜನ ಎಲ್ಲಿಂದ ಬಂದರು ಅಂತ ಹೇಳುವ ಗುರುತು, ಅಂಟಿಸಿದ್ದು ಮಾತ್ರ ನೀವು: ಮೀಡಿಯಂ 'ಆರ್ಗ್ಯಾನಿಕ್', ಕ್ಯಾಂಪೇನ್ 'ಫೀಡ್'. ಕ್ಯಾಂಪೇನ್ ಹೆಸರಿನಲ್ಲಿ 'ಶಾಪಿಂಗ್' ಅಂತ ಒಂದು ಶಬ್ದ ಇದ್ದಿದ್ದರೆ ಅನಲಿಟಿಕ್ಸ್ ತಾನೇ ಅವರನ್ನು 'ಆರ್ಗ್ಯಾನಿಕ್ ಶಾಪಿಂಗ್' ಸಾಲಿಗೆ ಹಾಕುತ್ತಿತ್ತು.

ಇನ್ನು ಆಗಸ್ಟ್ ಕಥೆ. ಜುಲೈ ಕೊನೆಗೆ ನಮ್ಮ ಮಿಡಿ ಭರಣಿ ಖಾಲಿ. ಫೀಡಿನಲ್ಲಿ, ಅಂದರೆ ಗೂಗಲ್‌ಗೆ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ, 'ಔಟ್ ಆಫ್ ಸ್ಟಾಕ್' ಬಂತು, ಪಟ್ಟಿಯಿಂದ ಬರುವವರು ನಿಂತರು. ಅಲ್ಗಾರಿದಮ್ಮೂ ಇಲ್ಲ, ಮಣ್ಣೂ ಇಲ್ಲ. ಪಟ್ಟಿಯವರನ್ನು ತೆಗೆದು ನೋಡಿದರೆ ಲೇಖನ ಓದಲು ಬರುವವರು ಏಪ್ರಿಲ್‌ನಲ್ಲಿ ಎಷ್ಟಿದ್ದರೋ ಆಗಸ್ಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಇದು ಗೊತ್ತಿದ್ದರೆ ಆ 6,000 ಮುಂದಿನ ಮಿಡಿಗೆ ಮುಂಗಡ ಕೊಡುತ್ತಿದ್ದೆ. ಅಡಿಕೆಯಲ್ಲಿ ಚಾಲಿ, ರಾಶಿ ಎರಡೂ ಬಗೆ ಒಂದೇ ಚೀಲಕ್ಕೆ ಸುರಿದು ತಂದರೆ ನಮ್ಮೂರಿನಲ್ಲಿ ಯಾರೂ ದರ ಹೇಳುವುದಿಲ್ಲ. ನೀವು ಅಂಥ ಚೀಲಕ್ಕೆ ಬಿಲ್ಲೂ ಹಾಕಿದ್ದೀರಿ.

ನಿಮ್ಮ ಹುಡುಗ ಫೋನಲ್ಲಿ, ಲಿಂಕಿನಲ್ಲಿ ಗೂಗಲ್ ಸೇರಿಸುವ ಎಸ್‌ಆರ್‌ಎಸ್‌ಎಲ್‌ಟಿಐಡಿ ಅನ್ನುವ ಗುರುತು ನೋಡಿ ಪಟ್ಟಿಯವರನ್ನು ಬೇರೆ ಮಾಡೋಣ ಅಂದ. ಆಗುವುದಿಲ್ಲ. 2024ರ ಆಗಸ್ಟ್‌ನಿಂದ ಅದು ಮಾಮೂಲಿ ಹುಡುಕಾಟದ ಲಿಂಕುಗಳಲ್ಲೂ, ಲೇಖನದ ಪುಟಗಳಲ್ಲೂ ಬರುತ್ತಿದೆ. ಅದನ್ನು ನಂಬಿದರೆ ಉಲ್ಟಾ ತಪ್ಪಾಗುತ್ತದೆ, ಆಗ ನಿಮಗೇ ಅನ್ಯಾಯ. ಹಳೆಯ ತಿಂಗಳುಗಳದ್ದು ಈಗ ಬಿಡಿಸಲು ಬರುವುದಿಲ್ಲ ಅಂತಲೂ ಅಂದ. ಬರುತ್ತದೆ. ಬಂದವರನ್ನು ನಮ್ಮದೇ ನಿಯಮದಲ್ಲಿ ವಿಂಗಡಿಸುವ ಕಸ್ಟಮ್ ಚಾನೆಲ್ ಗ್ರೂಪ್ ಅನಲಿಟಿಕ್ಸ್‌ನಲ್ಲಿ ಮಾಡಿದರೆ ಅದು ಹಿಂದಿನ ಲೆಕ್ಕಕ್ಕೂ ಹತ್ತುತ್ತದೆ. ಕ್ಯಾಂಪೇನ್ 'ಫೀಡ್' ಇದ್ದರೆ ಶಾಪಿಂಗ್ ಪಟ್ಟಿ ಅಂತ ಒಂದು ನಿಯಮ ಬರೆದು ಆರ್ಗ್ಯಾನಿಕ್ ಸರ್ಚ್‌ಗಿಂತ ಮೇಲೆ ಇಡಿ. ಕೆಳಗಿಟ್ಟರೆ ಸರ್ಚ್ ನಿಯಮವೇ ಎಲ್ಲರನ್ನೂ ನುಂಗಿಬಿಡುತ್ತದೆ. ಹತ್ತು ನಿಮಿಷದ ಕೆಲಸ, ಅಲ್ವಾ?

ಹಾಗಾಗಿ ಏಪ್ರಿಲ್‌ನಿಂದ ಇಲ್ಲಿವರೆಗಿನ ವರದಿಗಳನ್ನು ಎರಡು ಸಾಲು ಬೇರೆ ಮಾಡಿ ಮತ್ತೆ ಕಳಿಸಿ, ಯುಟಿಎಂನಲ್ಲಿ ಕ್ಯಾಂಪೇನ್ ಹೆಸರು ಸರಿ ಮಾಡಿ, ಅನಲಿಟಿಕ್ಸ್‌ನ ಅಡ್ಮಿನ್ ಹಕ್ಕು ನನ್ನ ಇಮೇಲ್‌ಗೂ ಕೊಡಿ, ಅದು ನನ್ನ ಅಂಗಡಿಯದೇ ತಾನೆ. ಆಗಸ್ಟ್‌ನ 6,000 ವಾಪಸ್ ಬೇಕು. ಸಾಸಿವೆ ಎಣ್ಣೆ ಲೇಖನ ಇವತ್ತೇ ತೆಗೆಯಿರಿ. ಇದಿಷ್ಟು ಆಗುವವರೆಗೆ ಈ ತಿಂಗಳ ಬಿಲ್ ನಾನು ಕಟ್ಟುವುದಿಲ್ಲ.

ಇಂತಿ,
ಶಿರಸಿಯಿಂದ ನಿಮ್ಮ ಗ್ರಾಹಕ